ಅಂಗಾತ, ಬೋರಲು, ಮಗ್ಗುಲು

ಪರವೂರಿಗೆ ಹೋದವರು ಮೊದಲು ಕಲಿಯೋದು ಅಲ್ಲಿಯ ಬಸ್ ನಂಬರು, ತರಕಾರಿ ಹೆಸರು, ಒಂದೆರಡು ಬೈಗುಳ. ನನ್ನ ಪಾಲಿಗೆ ಬಂದ ಮೊದಲ ಮರಾಠಿ ಶಬ್ದಗಳೇ ಬೇರೆ. ಉತಾಣಂ, ಪಾಲಥಂ, ಕುಶೀವರ. ಅಂದರೆ ಅಂಗಾತ, ಬೋರಲು, ಮಗ್ಗುಲಿಗೆ. 2004ರಲ್ಲಿ ರಾಣೆಬೆನ್ನೂರಿನಿಂದ ಪುಣೆಗೆ ಬಂದು ನರ್ಸ್ ಕೆಲಸಕ್ಕೆ ಸೇರಿದಾಗ ನನ್ನನ್ನು ಹಾಕಿದ್ದು ಎನ್‌ಐಸಿಯುಗೆ, ಅಂದರೆ ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆ ಇರೋ ಮಕ್ಕಳನ್ನು ಇಡುವ ವಾರ್ಡಿಗೆ. ಹೊರಗೆ ಕಾಯುತ್ತ ಕೂತ ಮನೆಮಂದಿ ಫೋನಿನಲ್ಲಿ ಊರಿಗೆ ಹೇಳೋದು ಮಾತ್ರ 'ಬಾಳ ಕಾಚೇಚ್ಯಾ ಪೇಟೀತ ಆಹೇ' ಅಂತ. ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ನಮ್ಮ ಕಡೆಯೂ ಇದೇ ಮಾತಲ್ಲವೇ?

ಮರಾಠಿಯಲ್ಲಿ 'ಕೂಸ್' ಅಂದರೆ ಮಗ್ಗುಲು. ಬಸಿರು ಅಂತಲೂ ಅರ್ಥ. ಮೊದಲ ವಾರ ಸಿಸ್ಟರು 'ಬಾಳಾಲಾ ಕುಶೀವರ ಠೇವ್' ಅಂದಾಗಲೆಲ್ಲ ನನ್ನ ಕಿವಿಗೆ ನಮ್ಮ ಕೂಸು ಅಂತಲೇ ಕೇಳಿಸುತ್ತಿತ್ತು. ಎರಡು ಶಬ್ದಕ್ಕೂ ನಂಟು ಇದೆಯೋ ಇಲ್ಲವೋ ಪಂಡಿತರು ಹೇಳಲಿ. ನಮ್ಮ ವಾರ್ಡಿನಲ್ಲಂತೂ ಇತ್ತು.

ತಿಂಗಳು ತುಂಬಿ ಹುಟ್ಟಿದ ಮಗುವನ್ನು ಅಂಗಾತ ಮಲಗಿಸಿ ನೋಡಿ. ಮೊಣಕಾಲು ಮಡಚಿ, ಮುಷ್ಟಿ ಬಿಗಿದು, ಕೈ ಎದೆಗೆ ತಂದುಕೊಂಡು ಗರಡಿ ಪೈಲವಾನನ ಹಾಗಿರುತ್ತೆ. ಕಾಲು ಹಿಡಿದು ಚಾಚಿದರೆ ಬಿಟ್ಟ ಕೂಡಲೇ ಮತ್ತೆ ಮಡಚಿಕೊಳ್ಳುತ್ತೆ. ಈ ಮಡಚಿಕೆ ಕಲಿಸಿದ್ದು ಬಸಿರಿನ ಇಕ್ಕಟ್ಟು. ಕೊನೆಯ ಎರಡು ಮೂರು ತಿಂಗಳು ಒಳಗೆ ಕೈಕಾಲು ಚಾಚಲು ಜಾಗ ಇರೋದಿಲ್ಲ, ಚಾಚಿದರೆ ತಾಯಿಯ ಹೊಟ್ಟೆಯ ಗೋಡೆ ಸಿಗುತ್ತೆ, ಗೋಡೆ ಅದನ್ನು ವಾಪಸ್ಸು ತಳ್ಳುತ್ತೆ. ಅದೇ ದಿನಗಳಲ್ಲಿ ಮಾಂಸಖಂಡದ ಬಿಗಿಯೂ ಕಾಲಿನಿಂದ ಶುರುವಾಗಿ ಮೇಲಕ್ಕೆ ಹತ್ತುತ್ತ ಬರುತ್ತೆ. 28-29 ವಾರಕ್ಕೇ ಹೊರಗೆ ಬಂದ ಮಗುವಿಗೆ ಈ ಪಾಠ ಆಗಿರೋದಿಲ್ಲ. ಭೂಮಿ ಎಳೆದ ಕಡೆಗೆ ಚೆಲ್ಲಿಕೊಂಡು ಬಿದ್ದಿರುತ್ತೆ. ಕೈ ಎರಡೂ ಶರಣಾದವರ ಹಾಗೆ ತಲೆಯ ಅತ್ತಿತ್ತ, ಕಾಲು ಕಪ್ಪೆಯ ಹಾಗೆ ಅಗಲಕ್ಕೆ, ಮುಖ ಒಂದು ಕಡೆಗೆ. ಹಾಗೇ ವಾರಗಟ್ಟಲೆ ಬಿಟ್ಟರೆ ತಲೆ ಎರಡೂ ಬದಿಗೆ ಚಪ್ಪಟೆಯಾಗಿ ಉದ್ದವಾಗುತ್ತೆ. ಭುಜ ಹಿಂದಕ್ಕೆ ಎಳೆದುಕೊಂಡು, ಮುಂದೆ ಕೈ ಬಾಯಿಗೆ ತರೋದು, ಆಟಿಕೆಗೆ ಕೈ ಚಾಚೋದು ತಡ ಆಗಬಹುದು. ಇದೆಲ್ಲ ಆಮೇಲಿನ ಮಾತಾಯ್ತು. ತಕ್ಷಣದ ಕಷ್ಟ ಅಂದರೆ ಮಗು ನಿದ್ದೆ ಮಾಡೋದಿಲ್ಲ. ಕೈ ಗಾಳಿಯಲ್ಲಿ ಜಾರಿತು ಅಂದರೆ ಬೆಚ್ಚುತ್ತೆ, ಬೆಚ್ಚಿದರೆ ಉಸಿರು ತಪ್ಪುತ್ತೆ, ಮಾನಿಟರು ಕೂಗುತ್ತೆ, ನಾವು ಓಡುತ್ತೇವೆ, ನಮ್ಮ ಓಟಕ್ಕೆ ಅದು ಇನ್ನೊಮ್ಮೆ ಬೆಚ್ಚುತ್ತೆ.

ಅದಕ್ಕೇ ಗೂಡು ಕಟ್ಟುತ್ತೇವೆ. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳೋ ಸಿಂಬಿ ಗೊತ್ತಲ್ಲ, ಅದನ್ನೇ ದೊಡ್ಡದು ಮಾಡಿದ ಹಾಗೆ. ಶುದ್ಧ ಮಾಡಿದ ಹತ್ತಿ ಚಾದರವನ್ನು ಉದ್ದಕ್ಕೆ ಸುತ್ತಿ, ಕುದುರೆ ಲಾಳದ ಆಕಾರಕ್ಕೆ ಬಗ್ಗಿಸಿ, ಮೇಲೊಂದು ಮೆತ್ತನೆ ಬಟ್ಟೆ ಹಾಸಿ, ಮಗುವನ್ನು ಒಳಗಿಡೋದು. ಹೇಳಲು ಇಷ್ಟೇ. ನನಗೆ ಇದನ್ನು ಕಲಿಸಿದ ಕೇರಳದ ಹಿರಿಯ ಸಿಸ್ಟರು ಗೂಡು ಕಟ್ಟಿದ ಮೇಲೆ ಮೊದಲು ನೋಡುತ್ತಿದ್ದದ್ದು ಪಾದ. ಪಾದಕ್ಕೆ ಗೋಡೆ ತಾಗಬೇಕು, ಮಗುವಿಗೆ ಒದೆಯಲು ಏನಾದರೂ ಸಿಗಬೇಕು. ಆಮೇಲೆ ಕೈ. ಭುಜ ಸ್ವಲ್ಪ ಮುಂದಕ್ಕೆ ಬಂದು, ಕೈ ಬಾಯಿಯ ಹತ್ತಿರ ಇರಬೇಕು. ತನ್ನ ಬೆರಳು ತನಗೆ ಸಿಕ್ಕರೆ ಅರ್ಧ ಅಳು ಅಲ್ಲೇ ನಿಲ್ಲುತ್ತೆ. ಮೂಗು ಬಾಯಿಗೆ ಬಟ್ಟೆ ಅಡ್ಡ ಬರಬಾರದು. ಎದೆಯ ಮೇಲೆ ಬಿಗಿ ಆಗಬಾರದು, ಉಸಿರಿಗೆ ಏರಿಳಿಯಲು ಜಾಗ ಬೇಕು. ಬೋರಲು ಮಲಗಿಸಿದರೆ ಹೊಟ್ಟೆಯ ಕೆಳಗೆ, ಸೊಂಟದ ಹತ್ತಿರ, ಸಣ್ಣದೊಂದು ಬಟ್ಟೆ ಸುರುಳಿ. ಆಗ ಮೊಣಕಾಲು ತಾನಾಗೇ ಒಳಗೆ ಮಡಚಿಕೊಳ್ಳುತ್ತೆ. ಗೂಡು ಬಿಗಿಯಾದರೆ ಅದು ಕಟ್ಟಿಹಾಕಿದ ಹಾಗೆ, ಸಡಿಲವಾದರೆ ಇದ್ದೂ ಇಲ್ಲದ ಹಾಗೆ. ಮಗು ಚಾಚಬೇಕು, ಚಾಚಿದ್ದು ತಾನಾಗೇ ವಾಪಸ್ಸು ಬರಬೇಕು. ಈಗ ಇದಕ್ಕೆ ಅಂತಲೇ ಕಾಳು ತುಂಬಿದ ದಿಂಬು, ಬೆಲೆಬಾಳುವ ಹಾಸಿಗೆ ಎಲ್ಲ ಬಂದಿವೆ. ಬೇಡ ಅನ್ನಲಾರೆ. ಆದರೆ ಕೈಗೆ ಬುದ್ಧಿ ಇರುವವಳು ಚಾದರದಲ್ಲಿ ಕಟ್ಟಿದ ಗೂಡಿನ ಮುಂದೆ ಅವು ನನಗೆ ಅಷ್ಟಕ್ಕಷ್ಟೇ.

ಮಗು ಹಿತವಾಗಿದೆಯೋ ಇಲ್ಲವೋ ಅಂತ ಅದನ್ನೇ ಕೇಳಬೇಕು. ಬೆರಳನ್ನೆಲ್ಲ ನಕ್ಷತ್ರದ ಹಾಗೆ ಬಿಡಿಸಿದರೆ, ಬೆನ್ನು ಬಿಲ್ಲಾದರೆ, ಕೈ ನೇರ ಮುಂದಕ್ಕೆ ಚಾಚಿದರೆ, ಬಣ್ಣ ಬದಲಾದರೆ, ಬಿಕ್ಕಳಿಸಿದರೆ ಅದು 'ಸಾಕು, ಬಿಡು' ಅನ್ನುತ್ತಿದೆ ಅಂತ ಅರ್ಥ. ಹುಬ್ಬು ಸಡಿಲವಾಗಿ, ಕೈ ಕೆನ್ನೆಗೆ ಬಂದು, ಪಾದ ಒಂದರ ಮೇಲೊಂದು ಕೂತರೆ ಸರಿ. ಹೀಗೆ ಓದುವ ವಿದ್ಯೆಯನ್ನು 1980ರ ದಶಕದಲ್ಲಿ ಕ್ರಮಬದ್ಧ ಮಾಡಿದವರು ಅಮೆರಿಕದ ಬೋಸ್ಟನ್‌ನಲ್ಲಿದ್ದ ಹೈಡಲೀಸ್ ಆಲ್ಸ್ ಎಂಬ ಮನಶ್ಶಾಸ್ತ್ರಜ್ಞೆ. ಅದಕ್ಕೆ ಮುಂಚೆ ಈ ವಾರ್ಡುಗಳಲ್ಲಿ ಮಗು ಬದುಕಿತೇ ಅನ್ನೋದೊಂದೇ ಪ್ರಶ್ನೆ. ಹೇಗೆ ಮಲಗಿದೆ ಅಂತ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಇಂಥ ಮಕ್ಕಳ ಮುಂದಿನ ಬದುಕನ್ನು ಕೂತು ನೋಡಿದ ಊರುಗಳಲ್ಲಿ ಪುಣೆಯೂ ಒಂದು. ರಾಸ್ತಾ ಪೇಠೆಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಸುಧಾ ಚೌಧರಿ ಮತ್ತು ಸಂಗಡಿಗರು 1987ರಿಂದ 1989ರ ನಡುವೆ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಮನೆಗೆ ಹೋದ ಮಕ್ಕಳನ್ನು 18 ವರ್ಷದವರೆಗೆ ಹಿಂಬಾಲಿಸಿದರು. ಮಕ್ಕಳು ಮನೆ ಬದಲಿಸುತ್ತಾರೆ, ಊರು ಬಿಡುತ್ತಾರೆ, ನಮ್ಮ ದೇಶದಲ್ಲಿ ಅಷ್ಟು ವರ್ಷ ಬೆನ್ನು ಬಿಡದೆ ನೋಡೋದು ಸಣ್ಣ ಮಾತಲ್ಲ. ಅವರಿಗೆ ಕಂಡದ್ದು: ಗುಂಪಾಗಿ ನೋಡಿದರೆ ಇವರ ಬುದ್ಧಿಶಕ್ತಿ ಸಾಮಾನ್ಯ ಮಟ್ಟದ ಒಳಗೇ ಇದೆ, ಆದರೂ ತಿಂಗಳು ತುಂಬಿ ಹುಟ್ಟಿದವರಿಗಿಂತ ಸ್ವಲ್ಪ ಹಿಂದೆ. ಆ 'ಸ್ವಲ್ಪ'ದಲ್ಲಿ ನಮ್ಮ ಪಾಲು ಎಷ್ಟು ಅಂತ ರಾತ್ರಿ ಪಾಳಿಯಲ್ಲಿ ಯೋಚನೆ ಬರುತ್ತೆ. ಯಾಕೆಂದರೆ ಇಷ್ಟು ಸಣ್ಣ ಮಗು ದಿನದ ಬಹುಪಾಲು ನಿದ್ದೆಯಲ್ಲೇ ಇರಬೇಕಾದದ್ದು. ಅದೂ ರೆಪ್ಪೆಯ ಕೆಳಗೆ ಕಣ್ಣು ಓಡಾಡುವ, ತುಟಿ ಅದುರುವ, ಬೆರಳು ಕುಣಿಯುವ ನಿದ್ದೆ. ನೋಡಿದವರು ಎಚ್ಚರ ಇದೆ ಅಂದುಕೊಳ್ಳುತ್ತಾರೆ. ಇಲ್ಲ, ಆ ನಿದ್ದೆಯಲ್ಲೇ ಮಿದುಳು ಮೈನೆರೆಯೋದು. ನಾವು ಹೋಗಿ ಡಯಾಪರು ನೋಡುತ್ತೇವೆ, ಜ್ವರ ನೋಡುತ್ತೇವೆ, ಎಕ್ಸ್‌ರೇಯವನು ಬರುತ್ತಾನೆ, ರಕ್ತಕ್ಕೆ ಇನ್ನೊಬ್ಬ ಬರುತ್ತಾನೆ. ಅದಕ್ಕೇ ಈಗ ಎಲ್ಲ ಕೆಲಸವನ್ನೂ ಒಟ್ಟಿಗೆ ಮೂರು ನಾಲ್ಕು ಗಂಟೆಗೊಮ್ಮೆ ಮಾಡಿ, ಆಗಲೇ ಮಗ್ಗುಲು ಬದಲಿಸಿ, ಮತ್ತೆ ಮುಟ್ಟದೆ ಬಿಡೋದು. ಪೆಟ್ಟಿಗೆ ಮೇಲೆ ದಪ್ಪ ಬಟ್ಟೆ ಹೊದಿಸಿ ಬೆಳಕು ಮರೆಮಾಡುತ್ತೇವೆ. ಮಾತು ಪಿಸುಗುಟ್ಟಿ. ಇಂಥ ವಾರ್ಡಿನ ಸದ್ದು 45 ಡೆಸಿಬೆಲ್ ಮೀರಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 1997ರಲ್ಲೇ ಹೇಳಿತ್ತು.

ಪುಣೆಯಲ್ಲಿ ಕೂತು 45 ಡೆಸಿಬೆಲ್ ಮಾತಾಡೋದು ಅಂದರೆ ತಮಾಷೆ. ಗಣಪತಿ ಕಳಿಸೋ ದಿನ ಇಲ್ಲಿಯ ಮೆರವಣಿಗೆ ಹೊರಟರೆ ಒಂದು ಹಗಲು ಒಂದು ರಾತ್ರಿ ಮುಗಿದರೂ ಮುಗಿಯೋದಿಲ್ಲ. ಒಂದೊಂದು ಪಥಕದಲ್ಲಿ ಹತ್ತಾರು ಢೋಲು, ತಾಶಾ. ಆಸ್ಪತ್ರೆಯಿಂದ 100 ಮೀಟರು ಶಾಂತತಾ ಕ್ಷೇತ್ರ ಅಂತ ಹಲಗೆ ಇದೆ, ಕಾನೂನೂ ಇದೆ, ಆದರೆ ಢೋಲಿನ ಗುಮ್ಮು ಹಲಗೆ ಓದೋದಿಲ್ಲ. ಕಿಟಕಿ ಗಾಜು ನಡುಗುತ್ತೆ. ಆ ದಿನ ನಾವು ಒಬ್ಬೊಬ್ಬರು ಒಂದೊಂದು ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ, ಒಂದು ಅಂಗೈ ತಲೆಗೆ, ಇನ್ನೊಂದು ಮಡಚಿದ ಕಾಲಿಗೆ ಆಸರೆ ಕೊಟ್ಟು ನಿಲ್ಲುತ್ತೇವೆ. ಸವರಬಾರದು, ತಟ್ಟಬಾರದು. ಸುಮ್ಮನೆ ಇಡಬೇಕು. ಇಷ್ಟು ಸಣ್ಣ ಮೈಗೆ ಸವರಿಕೆಯೂ ಗದ್ದಲವೇ. ನನಗೆ ಢೋಲು ಇಷ್ಟ, ಸುಳ್ಳು ಹೇಳೋದಿಲ್ಲ. ಪಾಳಿ ಮುಗಿಸಿ ನಾನೇ ಹೋಗಿ ನಿಂತು ನೋಡಿದ್ದೇನೆ.

2018ರ ಆ ಹಬ್ಬದ ಹೊತ್ತಿಗೆ ನಮ್ಮಲ್ಲಿದ್ದ ಒಂದು ಮಗು ಕಲಬುರಗಿ ಕಡೆಯದು. ಪುಣೆಯ ಆಚೀಚೆ ಎದ್ದಿರುವ ವಾಕಡ್, ಹಿಂಜವಡಿ, ರಾವೇತದ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರ ಬೆವರು ಎಷ್ಟಿದೆ ಅಂತ ಊರಲ್ಲಿ ಕೂತ ನಿಮಗೆ ಅಂದಾಜು ಸಿಗಲಿಕ್ಕಿಲ್ಲ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಗೋ ಪುಣೆ ಕನ್ನಡಿಗರೇ ಬೇರೆ, ಇವರೇ ಬೇರೆ. ಗಂಡ ಸೆಂಟ್ರಿಂಗ್ ಕೆಲಸದವನು, ಹೆಂಡತಿ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುವವಳು. 29 ವಾರಕ್ಕೆ ಹೆರಿಗೆ, ಮಗು 1,080 ಗ್ರಾಂ. ಮಹಾರಾಷ್ಟ್ರದಲ್ಲಿ ಧರ್ಮಾದಾಯ ಆಸ್ಪತ್ರೆಗಳು ನೂರರಲ್ಲಿ ಹತ್ತು ಹಾಸಿಗೆ ತೀರಾ ಬಡವರಿಗೆ ಪುಕ್ಕಟೆಯಾಗಿ ಬಿಡಬೇಕು ಅಂತ 2006ರಿಂದ ನಿಯಮ ಇದೆ, ಹಾಗೆ ಜಾಗ ಸಿಕ್ಕಿತ್ತು. ಅವಳಿಗೆ ಮರಾಠಿ ಬಾರದು, ಹಿಂದಿ ಅಷ್ಟಿಷ್ಟು. ಎರಡನೇ ದಿನ ಪೆಟ್ಟಿಗೆಯ ಹತ್ತಿರ ಕರಕೊಂಡು ಬಂದಾಗ ಅವಳು ಅಳಲಿಲ್ಲ, ಸಿಟ್ಟಾದಳು.

"ಹಿಂಗ್ಯಾಕ್ ಡಬ್ಬ ಹಾಕ್ಯಾರ್ರೀ ನಮ್ ಕೂಸಿಗಿ? ಖಾಲಿ ಕೊಡ ಡಬ್ಬ ಹಾಕ್ದಂಗ?"

ಹದಿನಾಲ್ಕು ವರ್ಷದಲ್ಲಿ ಆ ವಾರ್ಡಿನ ಒಳಗೆ ಕನ್ನಡದಲ್ಲಿ ನನ್ನನ್ನು ಯಾರಾದರೂ ಬೈದದ್ದು ಅದೇ ಮೊದಲು. ಅವಳ ಕನ್ನಡ ಬೇರೆ, ನನ್ನ ಹಾವೇರಿ ಕಡೆಯ ಕನ್ನಡ ಬೇರೆ, ಆದರೂ ನನಗೆ ಒಳಗೊಳಗೇ ಖುಷಿಯಾಯಿತು. ಹೇಳಿದೆ. ಕೂಸಿನ ಎದೆಗೂಡು ಇನ್ನೂ ಮೆತ್ತಗಿದೆ, ಉಸಿರು ಎಳೆದಾಗ ಪಕ್ಕೆ ಒಳಗೆ ಕುಸಿಯುತ್ತೆ. ಬೋರಲು ಹಾಕಿದರೆ ಎದೆಗೆ ಹಾಸಿಗೆಯ ಆಸರೆ ಸಿಗುತ್ತೆ, ಪಕ್ಕೆ ಅಲುಗಾಡೋದು ಕಡಿಮೆ, ಆಮ್ಲಜನಕ ಚೆನ್ನಾಗಿ ಸಿಗುತ್ತೆ, ನಿದ್ದೆ ಗಟ್ಟಿ ಬರುತ್ತೆ. ನಂಬರು ತೋರಿಸಿದೆ. ಅಂಗಾತ ಇದ್ದಾಗ 89, 90 ಅಂತ ತೂಗುಯ್ಯಾಲೆ ಆಡುತ್ತಿದ್ದದ್ದು ಈಗ 94ಕ್ಕೆ ನಿಂತಿತ್ತು. ಅವಳು ನಂಬರು ನೋಡಲಿಲ್ಲ. ಮಗುವಿನ ಬೆನ್ನು ಏರಿಳಿಯೋದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, "ಮಕ್ಕೊಂಡದ ಬಿಡ್ರೀ" ಅಂದಳು.

ಹತ್ತು ದಿನಕ್ಕೆ ಮಗುವಿನ ಉಸಿರು ಸ್ವಲ್ಪ ಹಿಡಿತಕ್ಕೆ ಬಂತು. ಆಗ ಅವಳ ಎದೆಗೇ ಹಾಕಿದೆವು. ಕಾಂಗರೂ ಕೇರ್ ಅಂತ ಹೆಸರು. ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಪೆಟ್ಟಿಗೆಗಳ ಕೊರತೆಯಿಂದ ಶುರುಮಾಡಿದ್ದು. ಬಡತನದ ಉಪಾಯ ಅಂತ ದೊಡ್ಡ ಆಸ್ಪತ್ರೆಗಳು ಬಹಳ ವರ್ಷ ಮೂಗು ಮುರಿದವು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಮಗು ಸ್ಥಿರವಾಗಲಿ ಅಂತ ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದರೆ ಸಾವು ಕಾಲು ಭಾಗ ಕಡಿಮೆ. ಈಗ ದಿನಕ್ಕೆ 8ರಿಂದ 24 ಗಂಟೆ ಹಾಗೇ ಇಡಿ ಅನ್ನುತ್ತಾರೆ. ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ಸರ್ಕಾರಿ ವ್ಯವಸ್ಥೆಯ ಜೊತೆ ಸೇರಿ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸಬಹುದೇ ಅಂತ ಮಾಡಿ ತೋರಿಸಿದ್ದಾರೆ. ಅದರ ವರದಿ ನಾನು ಓದಿದ್ದು ಪುಣೆಯಲ್ಲಿ ಕೂತು.

ಗೂಡಿನ ವಿಷಯಕ್ಕೆ ಬರುತ್ತೇನೆ. ತಾಯಿಯ ಎದೆಯೂ ಒಂದು ಗೂಡೇ, ಎಲ್ಲದಕ್ಕಿಂತ ಮೇಲಿನದು. ಮಗು ನೆಟ್ಟಗೆ, ಎರಡು ಮೊಲೆಗಳ ನಡುವೆ, ಕಪ್ಪೆಯ ಹಾಗೆ ಮಡಚಿಕೊಂಡು, ತಲೆ ಒಂದು ಬದಿಗೆ. ಸುತ್ತ ಬಟ್ಟೆ. ಇಟ್ಟಿಗೆ ಹೊತ್ತ ಆ ಹೆಗಲಿಗೆ ಇಷ್ಟು ಹಗುರದ ಹೊರೆ ಅಭ್ಯಾಸ ಇರಲಿಲ್ಲ ಅನ್ನಿಸುತ್ತೆ, ಮೊದಲ ದಿನ ಉಸಿರು ಬಿಗಿಹಿಡಿದು ಕೂತಳು. ನಾಲ್ಕನೇ ದಿನ ನಿದ್ದೆ ಹೋದಳು. ಇಬ್ಬರೂ ಒಟ್ಟಿಗೆ. ನಮ್ಮ ಮಾವಶಿ ಬಾಗಿಲ ಹತ್ತಿರ ನಿಂತು ಯಾರನ್ನೂ ಒಳಗೆ ಬಿಡಲಿಲ್ಲ, ರೌಂಡ್ಸಿಗೆ ಬಂದ ಡಾಕ್ಟರನ್ನೂ.

ನಿಜವಾದ ತೊಡಕು ಬಂದದ್ದು ಎಲ್ಲ ಚೆನ್ನಾಗಿ ಆದ ಮೇಲೆ. ಐದು ವಾರ ಕಳೆದು, ಮಗು ಒಂದೂವರೆ ಕಿಲೋ ಆಗಿ, ಬಾಯಿಂದ ಹಾಲು ಕುಡಿಯಲು ಶುರುಮಾಡಿದಾಗ ನಾವು ಗೂಡು ತೆಗೆದೆವು. ಸಮತಟ್ಟಾದ ಹಾಸಿಗೆ, ದಿಂಬಿಲ್ಲ, ಸುರುಳಿಯಿಲ್ಲ, ಅಂಗಾತ. ಮನೆಗೆ ಹೋಗುವುದಕ್ಕೆ ಸಾಕಷ್ಟು ಮೊದಲೇ ಇದು ರೂಢಿಯಾಗಬೇಕು. ಮೊದಲ ರಾತ್ರಿ ಮಗು ನಾಲ್ಕೈದು ಸಲ ಕೈ ಎತ್ತಿ ಬೆಚ್ಚಿತು, ಅತ್ತಿತು. ಬೆಳಿಗ್ಗೆ ಅವಳು ಬಂದವಳೇ ನನ್ನ ಮುಂದೆ ನಿಂತಳು.

"ಇಷ್ಟ್ ದಿನ ಡಬ್ಬ ಹಾಕಿ ಛಲೋ ನಿದ್ದಿ ಮಾಡ್ಸೀರಿ. ಈಗ ಅಂಗಾತ ಹಾಕ್ರಿ ಅಂತೀರಿ. ಯಾವ್ ಮಾತ್ ಖರೇರೀ ನಿಮ್ದು?"

ಎರಡೂ ಖರೆ. ಆದರೆ ಅದನ್ನು ಹೇಳೋದು ಹೇಗೆ? ಬೋರಲು ಮಲಗಿದ ಮಗುವಿಗೆ ನಿದ್ದೆ ಗಟ್ಟಿ ಅಂದೆನಲ್ಲ, ಅಪಾಯ ಇರೋದೂ ಅಲ್ಲೇ. ಉಸಿರು ಕಟ್ಟಿದರೆ ತಾನಾಗೇ ಎಚ್ಚರಾಗೋ ಶಕ್ತಿ ಆಗ ಕಡಿಮೆ. ವಾರ್ಡಿನಲ್ಲಿ ಕಾಲಿಗೆ ತಂತಿ ಇರುತ್ತೆ, ಉಸಿರು ತಪ್ಪಿದ ಕ್ಷಣ ಕೂಗುತ್ತೆ, ನಾವಿರುತ್ತೇವೆ. ಮನೆಯಲ್ಲಿ ತಂತಿ ಇಲ್ಲ. ಬೋರಲು ಮಲಗಿದ ಮಕ್ಕಳು ನಿದ್ದೆಯಲ್ಲೇ ತೀರಿಕೊಳ್ಳುವ ಸಾಧ್ಯತೆ ಹೆಚ್ಚು ಅಂತ ತಿಳಿದ ಮೇಲೆ ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ದೊಡ್ಡ ಪ್ರಚಾರ ಮಾಡಿದರು. ಮುಂದಿನ ಹತ್ತು ವರ್ಷದಲ್ಲಿ ಅಂಥ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ತಿಂಗಳು ತುಂಬದ ಮಕ್ಕಳಿಗೆ ಈ ಅಪಾಯ ಇನ್ನೂ ಜಾಸ್ತಿ. ನಮ್ಮ ಚೀಟಿಯಲ್ಲಿ ಮರಾಠಿಯಲ್ಲಿ ಬರೆದಿರುತ್ತೆ, ಬಾಳಾಲಾ ಉತಾಣಂ ಝೋಪವಾ ಅಂತ. ಚೀಟಿ ಏನೇ ಹೇಳಲಿ, ಐದು ವಾರ ಅವಳು ಕಣ್ಣಾರೆ ನೋಡಿದ್ದು ಬೋರಲು ಮಲಗಿ ಹಾಯಾಗಿ ನಿದ್ದೆ ಮಾಡೋ ಮಗುವನ್ನು. ಜನ ನಾವು ಹೇಳಿದ್ದನ್ನಲ್ಲ, ನಾವು ಮಾಡಿದ್ದನ್ನು ಕಲಿಯುತ್ತಾರೆ. ಚೀಟಿ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಮೇಲೆ ನನಗೆ ಅವತ್ತಿನಿಂದ ನಂಬಿಕೆ ಇಲ್ಲ.

"ಮನ್ಯಾಗ ನಾ ಎಚ್ಚರ ಇರ್ತೀನಲ್ಲ" ಅಂದಳು.

"ಎಷ್ಟ್ ರಾತ್ರಿ?" ಅಂದೆ.

ಅವಳು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಅವಳ ಅತ್ತೆ ಊರಿಂದ ಬಂದಿದ್ದಳು, ಸೊಲ್ಲಾಪುರದ ಮೇಲೆ ಹಾಯ್ದು, ತೊಡೆಯ ಮೇಲೆ ಗಂಟು ಇಟ್ಟುಕೊಂಡು. ಗಂಟಿನಲ್ಲಿ ಹಳೇ ಸೀರೆಯ ಕೌದಿ, ಕುಂಚಿಗೆ, ತಲೆ ಗುಂಡಗಾಗಲಿ ಅಂತ ಸಾಸಿವೆ ತುಂಬಿದ ಪುಟ್ಟ ದಿಂಬು. ಕುಂಚಿಗೆ ನೋಡಿ ನಮ್ಮ ಮರಾಠಿ ಮಾವಶಿಗೆ ಹಿಗ್ಗು, 'ಕುಂಚೀ!' ಅಂತ ಕೈಗೆ ತಗೊಂಡು ಹೊಲಿಗೆ ನೋಡಿದಳು. ಇಬ್ಬರೂ ಭಾಷೆಯಿಲ್ಲದೆ ಅರ್ಧ ಗಂಟೆ ಮಾತಾಡಿದರು.

ಅತ್ತೆಗೆ ಅಂಗಾತದ ಬಗ್ಗೆ ತಕರಾರು ಇರಲಿಲ್ಲ. "ನಮ್ ಹುಡುಗ್ರೆಲ್ಲ ಜೋಳಿಗ್ಯಾಗ ಅಂಗಾತೇ ಮಕ್ಕೊಂಡು ದೊಡ್ಡವ್ರು ಆಗ್ಯಾರ. ಶೆಡ್ಡಿನ ಕಬ್ಬಣಕ್ಕ ಸೀರಿ ಕಟ್ತೀನಿ" ಅಂದಳು. ಇಲ್ಲಿ ನಾನು ಇನ್ನೊಮ್ಮೆ ಬೇಡ ಅನ್ನಬೇಕಾಯಿತು. ತಿಂಗಳು ತುಂಬಿದ ಗಟ್ಟಿ ಮಗುವಿನ ಮಾತು ಬೇರೆ. ಇಷ್ಟು ಸಣ್ಣ ಮಗುವನ್ನು ಜೋಳಿಗೆಯಲ್ಲಿ ಹಾಕಿದರೆ ಬೆನ್ನು ಬಾಗಿ, ಗದ್ದ ಎದೆಗೆ ಒತ್ತಿ, ಮೆತ್ತನೆಯ ಉಸಿರಿನ ಕೊಳವೆ ಮಡಚಿಕೊಳ್ಳುತ್ತೆ. ಸದ್ದೇ ಬರೋದಿಲ್ಲ. ಸಾಸಿವೆ ದಿಂಬೂ ಬೇಡ, ಮುಖ ಅದರೊಳಗೆ ಹೂತರೆ ಕಷ್ಟ. ಕೌದಿಯನ್ನು ಮೇಲೆ ಹೊದಿಸೋದೂ ಬೇಡ. ಹೀಗೆ ಒಂದೊಂದಕ್ಕೂ ಬೇಡ ಅನ್ನುತ್ತ ಹೋದಂತೆ ಮುದುಕಿಯ ಗಂಟು ಖಾಲಿಯಾಗುತ್ತ ಬಂತು. ಅವಳ ಮುಖ ನೋಡಲಾಗಲಿಲ್ಲ.

ಅವಳು ಕೇಳಿದ ಪ್ರಶ್ನೆ ನ್ಯಾಯವಾದದ್ದು. "ಮತ್ ಎಲ್ಲಿ ಮಲಗಿಸ್ಲೆವ್ವಾ? ನೆಲಕ್ಕ ಹಾಕ್ಲಾ? ಶೆಡ್ಡಿನ್ಯಾಗ ಇಲಿ ಅವ, ಇರುವಿ ಅವ. ಮಳಿ ಬಂದ್ರ ನೀರು ಒಳಗ ಬರ್ತದ."

ತಗಡಿನ ಶೆಡ್ಡಿನಲ್ಲಿ ಜೋಳಿಗೆ ಅಂದರೆ ಬರೀ ತೂಗೋ ಸೀರೆಯಲ್ಲ, ಇಲಿ ಇರುವೆ ನೀರಿನಿಂದ ಮಗುವನ್ನು ಮೇಲೆತ್ತಿ ಇಡುವ ಜಾಗ. ಸಮತಟ್ಟಾದ ಗಟ್ಟಿ ಹಾಸಿಗೆ ಅಂತ ಬರೆದ ಅಮೆರಿಕದವರಿಗೆ ಶೆಡ್ಡು ಗೊತ್ತಿಲ್ಲ. ನಮ್ಮ ಡಾಕ್ಟರಿಗೂ ಹೊಳೆಯಲಿಲ್ಲ. ಹೊಳೆದದ್ದು ಗಂಡನಿಗೆ. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದವನು, ಅಷ್ಟೂ ದಿನ ನನ್ನ ಜೊತೆ ಒಂದು ಮಾತೂ ಆಡದವನು, "ಸೆಂಟ್ರಿಂಗ್ ಪ್ಲೈ ಹಾಕಿದ್ರ ನಡೀತದೇನ್ರೀ?" ಅಂದ. ಎಣ್ಣೆ ಹತ್ತದ ಹೊಸ ಹಲಗೆ, ನಾಲ್ಕು ಕಾಲು, ಸುತ್ತ ಗೇಣುದ್ದ ಪಟ್ಟಿ, ಅದಕ್ಕೆ ಸೊಳ್ಳೆ ಪರದೆ. ಕಾಲಿನ ಕೆಳಗೆ ಇರುವೆಗೆ ನೀರಿನ ಬಟ್ಟಲು. ಪಟ್ಟಿಗಳ ನಡುವೆ ಸಂದು ಬಿಡಬೇಡ, ಕೈಕಾಲು ಸಿಗಬಾರದು ಅಂದೆ. ಕೌದಿಗೂ ಕೆಲಸ ಸಿಕ್ಕಿತು. ಎರಡು ಮಡಿಕೆ ಮಾಡಿ, ಹಲಗೆಯ ಮೇಲೆ ಎಳೆದು ಕೆಳಗಿಂದ ಬಿಗಿಯಾಗಿ ಕಟ್ಟೋದು, ಮೆತ್ತಗೆ ಹಳ್ಳ ಬೀಳದ ಹಾಗೆ. ಮುದುಕಿ ಒಪ್ಪಿದಳು. ಕುಂಚಿಗೆ ಎಚ್ಚರ ಇದ್ದಾಗ ಹಾಕಬಹುದು, ಮಲಗಿದಾಗ ತೆಗೆಯಿರಿ ಅಂದೆ.

ಉಳಿದ ದಿನಗಳಲ್ಲಿ ನಾನು ಚೀಟಿ ಓದಿಸಲಿಲ್ಲ. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಮಲಗಿಸೋದು ಅವಳೇ ಅಂತ ಮಾಡಿದೆ. ನಾನು ಪಕ್ಕದಲ್ಲಿ ಕೈಕಟ್ಟಿ ನಿಲ್ಲೋದು. ಅಂಗಾತ ಮಲಗಿಸಿದ ಮೇಲೂ ತಕ್ಷಣ ಕೈ ತೆಗೆಯಬಾರದು, ಒಂದು ಅಂಗೈ ಎದೆ ಮೇಲೆ ಹಗುರಾಗಿ ಇಟ್ಟು, ಮಗುವಿನ ಎರಡೂ ಕೈ ನಡುವಿಗೆ ತಂದು ಹಿಡಿದು, ಉಸಿರು ಸಮ ಆದ ಮೇಲೆ ಒಂದೊಂದೇ ಬೆರಳು ಬಿಡಬೇಕು. ಅವಳ ಕೈ ಒರಟು, ಸಿಮೆಂಟಿಗೆ ಒಡೆದದ್ದು. ಮಗುವಿಗೆ ಅದೇ ಗೊತ್ತಿದ್ದ ಕೈ. ಮೂರು ದಿನದಲ್ಲಿ ಬೆಚ್ಚೋದು ಕಡಿಮೆಯಾಯಿತು. ಹಗಲು ಎಚ್ಚರ ಇದ್ದಾಗ, ಎದುರಿಗೆ ಕೂತಾಗ, ಹೊಟ್ಟೆಯ ಮೇಲೆ ಹಾಕಿ ಆಡಿಸಬೇಕು ಅಂತಲೂ ಹೇಳಿದೆ, ಕತ್ತು ಗಟ್ಟಿಯಾಗಲು. ನಿದ್ದೆಗೆ ಅಂಗಾತ, ಆಟಕ್ಕೆ ಡಬ್ಬ. ಈ ಎರಡು ಮಾತು ಅವಳೇ ಮಾಡಿಕೊಂಡದ್ದು, ಗಂಡನಿಗೆ, ಅತ್ತೆಗೆ, ಆಮೇಲೆ ಪಕ್ಕದ ಪೆಟ್ಟಿಗೆಯ ಮರಾಠಿ ತಾಯಿಗೂ ಕೈಸನ್ನೆಯಲ್ಲಿ ಹೇಳಿಕೊಟ್ಟಳು. ಏಳು ವಾರಕ್ಕೆ 1,790 ಗ್ರಾಂ ಆಗಿ ಮನೆಗೆ ಹೋಯಿತು.

ಮುಂದೆ ಮಾರ್ಚಿನಲ್ಲಿ ಒಂದು ಸಂಜೆ ಗಂಡನ ಫೋನು. ಮಗುವಿಗೆ ಏಳು ತಿಂಗಳು ತುಂಬಿತ್ತು, ಆದರೆ ಹನ್ನೊಂದು ವಾರ ಮುಂಚೆ ಹುಟ್ಟಿದ್ದನ್ನು ಕಳೆದರೆ ನಾಲ್ಕೂವರೆ ತಿಂಗಳು. ನಾವು ಲೆಕ್ಕ ಹಿಡಿಯೋದು ಹಾಗೆ. ಹಿಂದೆ ಗದ್ದಲ, ಯಾರೋ ನಗುತ್ತಿದ್ದರು. ಹೆಂಡತಿ ಫೋನು ಕಸಕೊಂಡಳು.

"ಅಕ್ಕೋರೇ, ತಾನೇ ಡಬ್ಬ ಬಿದ್ದದರೀ! ನಾ ಹಾಕಿಲ್ಲ. ಅಂಗಾತ ಮಲಗಿಸಿದ್ದೆ, ತಿರುಗಿ ನೋಡ್ತೀನಿ, ಡಬ್ಬ ಬಿದ್ದು ಕತ್ತ ಎತ್ತಿ ನೋಡ್ಲತ್ತದ."

ರಾತ್ರಿ ಹಾಗೇ ಬಿದ್ದರೆ ಏನು ಮಾಡಬೇಕು, ಎದ್ದು ಕೂತಿರಬೇಕೇ ಅನ್ನೋದು ಅವಳ ಪ್ರಶ್ನೆ. ಮಲಗಿಸುವಾಗ ಅಂಗಾತವೇ ಮಲಗಿಸು. ಈಗ ಒಂದೇ ಕಡೆ ಹೊರಳುತ್ತಿದ್ದರೆ, ಕಂಡಾಗ ತಿರುಗಿಸು. ಅಂಗಾತದಿಂದ ಬೋರಲು, ಬೋರಲಿಂದ ಅಂಗಾತ, ಎರಡೂ ಕಡೆ ತಾನೇ ಸಲೀಸಾಗಿ ಹೊರಳೋದು ಬಂದ ಮೇಲೆ ಅದು ಹೇಗೆ ಬೇಕೋ ಹಾಗೆ ಮಲಗಲಿ, ನೀನೂ ಮಲಗು ಅಂದೆ.

ಆ ಸೈಟಿನ ಕೆಲಸ ಮುಗಿದಿತ್ತು. ಮರುದಿನ ಚಾಕಣದ ಕಡೆ ಹೊರಟಿದ್ದರು. ಮಗುವಿನ ಹಲಗೆ ಮಂಚವನ್ನು ಏನು ಮಾಡಿದಿರಿ ಅಂತ ಕೇಳಿದೆ.

"ಟೆಂಪೋದಾಗ ಮೊದಲ್ ಅದನ್ನೇ ಹಾಕೀವ್ರೀ" ಅಂದಳು.